ಕೆಂಪು ಅಂದರೆ ತುರ್ತು

ಅರ್ಥವ್ಯವಸ್ಥೆ ನೆಲಕಚ್ಚಿದೆ ಎಂಬ ಸಂಗತಿ ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದು ಸರ್ಕಾರಕ್ಕೆ. ಲಾಂಡ್ರಿಯಲ್ಲಿ ಬಟ್ಟೆಗಳಿಗೆ ಚೀಟಿ ಕಟ್ಟುವ ತುರ್ತಪ್ಪನಿಗೆ ಅದು ಬಹಳ ಮೊದಲೇ ಗೊತ್ತಿತ್ತು. ಇಡೀ ಕೋಟು ಒಗೆಯಲು ಕೊಡುತ್ತಿದ್ದವರು ಬರೀ ಕಾಲರು ಒಗೆದುಕೊಟ್ಟರೆ ಎಷ್ಟಾಗುತ್ತದೆ ಎಂದು ಕೇಳತೊಡಗಿದ ದಿನವೇ ಅವನು ಮನೆಗೆ ಬಂದು, ದೇಶಕ್ಕೆ ಏನೋ ಆಗಿದೆ ಕಣೇ ಎಂದು ಹೆಂಡತಿಗೆ ಹೇಳಿದ್ದ. ಅವಳು, ದೇಶದ್ದು ಆಮೇಲೆ ನೋಡೋಣ, ಮೊದಲು ನಮ್ಮ ಬಸ್ಸಿಗೆ ಏನೋ ಆಗಿದೆ ಎಂದಿದ್ದಳು.

ಅವಳು ದೊಡ್ಡಾಸ್ಪತ್ರೆಯ ಹೊರರೋಗಿಗಳ ವಿಭಾಗದಲ್ಲಿ ಆಯಾ. ಆಸ್ಪತ್ರೆ ಊರಿನ ಆ ತುದಿ, ಇವರ ಬೀದಿ ಈ ತುದಿ. ಎರಡನ್ನೂ ಹೊಲಿದು ಹಿಡಿದಿದ್ದದ್ದು ನಸುಕಿನ ಬಸ್ಸೊಂದೇ. ಆ ಬಸ್ಸಿಗೆ ಕೆಮ್ಮು, ದಮ್ಮು, ಕೀಲುನೋವು, ಹೀಗೆ ಆಸ್ಪತ್ರೆಗೆ ಹೋಗುವ ರೋಗಿಗಳಿಗಿದ್ದ ಎಲ್ಲ ರೋಗಗಳೂ ಇದ್ದವು. ಮುಂದಿನ ಸಲ ಕೆಟ್ಟು ನಿಂತರೆ ರಿಪೇರಿ ಮಾಡುವುದಿಲ್ಲ, ಹೊಸದು ತರಲು ದುಡ್ಡಿಲ್ಲ ಎಂದು ಡಿಪೋದವರು ಕಂಡಕ್ಟರನ ಬಾಯಲ್ಲಿ ಹೇಳಿ ಕಳಿಸಿದ್ದರು. ಅದಕ್ಕೇ ಪ್ರಯಾಣಿಕರೆಲ್ಲ ಏರು ಬಂತೆಂದರೆ ಉಸಿರು ಬಿಗಿಹಿಡಿದು ತಮ್ಮ ತೂಕ ಇಳಿಸಿಕೊಳ್ಳಲು ನೋಡುತ್ತಿದ್ದರು.

ಅಷ್ಟರಲ್ಲಿ ಸರ್ಕಾರ ಎದ್ದು ಕೂತಿತು. ಮಲಗಿದ ಅರ್ಥವ್ಯವಸ್ಥೆಯನ್ನು ಎಬ್ಬಿಸಲು ಉತ್ತೇಜನ ನಿಧಿ ಎಂಬುದನ್ನು ತೆರೆದಿದ್ದೇವೆ, ಅದರಲ್ಲಿ ದೊಡ್ಡ ಪಾಲು ಊರಿನ ಸಂಚಾರಕ್ಕೆ ಎಂದಿತು. ಮೇಲ್ಸೇತುವೆಯೋ, ಕಾರು ನಿಲ್ದಾಣವೋ, ಬಸ್ಸೋ, ನಡೆಯುವ ದಾರಿಯೋ, ಎಲ್ಲಿ ಸುರಿಯಬೇಕೆಂದು ನೀವೇ ಹೇಳಿ ಎಂದು ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟಿತು. ಒಗೆದ ಅಂಗಿಯೊಂದನ್ನು ಸುತ್ತಲೆಂದು ಎತ್ತಿಕೊಂಡ ಹಳೇ ಪತ್ರಿಕೆಯಲ್ಲಿ ತುರ್ತಪ್ಪ ಇದನ್ನು ಓದಿದ. 'ಪ್ರಿಯ ನಾಗರಿಕರೇ, ನಿಮ್ಮ ಅಭಿಪ್ರಾಯ ನಮಗೆ ಬೇಕು' ಎಂದಿತ್ತು. ಇಡೀ ಊರಿಗೆ ಹೇಳಿದ ಮಾತನ್ನು ತನಗೇ ಹೇಳಿದ್ದೆಂದು ತಿಳಿಯುವುದು ದೊಡ್ಡ ತಪ್ಪೇನಲ್ಲ. ಚುನಾವಣೆಗಳು ನಡೆಯುವುದೇ ಆ ನಂಬಿಕೆಯ ಮೇಲೆ. ಅಂಗಿಯನ್ನು ಬೇರೆ ಕಾಗದದಲ್ಲಿ ಸುತ್ತಿಕೊಟ್ಟು, ಈ ಹಾಳೆಯನ್ನು ಜೇಬಿಗಿಳಿಸಿ, ಬೀದಿಗೆ ಬಂದು, ಬಸ್ಸಿನ ವಿಷಯದಲ್ಲಿ ಸರ್ಕಾರ ನನ್ನ ಅಭಿಪ್ರಾಯ ಕೇಳಿದೆ ಎಂದ.

ಬೀದಿ ಕಿವಿ ನೆಟ್ಟಗೆ ಮಾಡಿಕೊಂಡಿತು. ಪಕ್ಕದ ಮನೆಯ ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಳು. ಹಳೇ ಕಾರುಗಳ ದಲ್ಲಾಳಿಯಾಗಿದ್ದ ಭಾಮೈದ ಮಾತ್ರ ಹಲ್ಲಿಗೆ ಕಡ್ಡಿ ಹಾಕುತ್ತಾ, "ಭಾವ, ಮನೇಲಿ ಫ್ಯಾನ್ ಹಾಕ್ಬೇಕೋ ಬೇಡ್ವೋ ಅಂತ ಅಕ್ಕನೇ ನಿಮ್ಮನ್ನ ಕೇಳಲ್ಲ, ಸರ್ಕಾರ ಕೇಳ್ತಾ?" ಎಂದ.

ತುರ್ತಪ್ಪ ಆ ಮಾತನ್ನು ಕೇಳಿಸಿಕೊಳ್ಳದವನಂತೆ ನುಂಗಿಕೊಂಡ. ಆದರೆ ಅದು ಹೊಟ್ಟೆಗೆ ಇಳಿಯದೆ ಗಂಟಲಲ್ಲೇ ಕೂತಿತು. ಮುಂದೆ ಆದದ್ದಕ್ಕೆಲ್ಲ ಆ ಗಂಟಲ ಗಂಟೂ ಒಂದು ಕಾರಣ.

ಪುರಭವನದ ಒಂದು ಗೋಡೆಯ ತುಂಬ ಊರಿನ ನಕಾಶೆ ಹಚ್ಚಿದ್ದರು. ನಕಾಶೆಯ ಮೇಲೆ ಬಸ್ ನಿಲ್ದಾಣ, ಡಿಪೋ, ಪಾದಚಾರಿ ದಾರಿ, ಮೇಲ್ಸೇತುವೆ, ಕಾರು ನಿಲ್ಲಿಸುವ ಕಟ್ಟಡ ಎಲ್ಲದಕ್ಕೂ ಚಿತ್ರಗಳಿದ್ದವು. ಮುಂದಿನ ಮೇಜಿನ ಮೇಲೆ ಎರಡು ಬಟ್ಟಲು. ಒಂದರಲ್ಲಿ ಅಂಟಿಸುವ ಕೆಂಪು ಚುಕ್ಕೆಗಳು, ಇನ್ನೊಂದರಲ್ಲಿ ಹಸಿರು. ಯಾವ ಬಣ್ಣ ಯಾತಕ್ಕೆ ಎಂದು ವಿವರಿಸುವ ಫಲಕವೂ ಇತ್ತು. ಆದರೆ ಅದರ ಮುಂದೆ ಮಂತ್ರಿಗಳ ಆಳೆತ್ತರದ ರಟ್ಟಿನ ಚಿತ್ರ ನಿಲ್ಲಿಸಿದ್ದರಿಂದ ಅದು ಮಂತ್ರಿಗಳ ಬೆನ್ನಿಗೆ ಮಾತ್ರ ಕಾಣುತ್ತಿತ್ತು. ಮೇಜಿನ ಹಿಂದಿನ ಹುಡುಗಿ ಮೊಬೈಲಿನಲ್ಲಿ ಮುಳುಗಿದ್ದಳು. ಅವಳನ್ನು ಕೇಳಬಹುದಿತ್ತು. ಆದರೆ ಅಭಿಪ್ರಾಯ ಹೇಳಲು ಕರೆಸಿಕೊಂಡವನು ಅಭಿಪ್ರಾಯ ಹೇಳುವುದು ಹೇಗೆ ಎಂದು ಕೇಳಿದರೆ ಮರ್ಯಾದೆ ಏನುಳಿಯಿತು?

ಕೇಳುವ ಅಗತ್ಯವೇ ಅವನಿಗೆ ಕಾಣಲಿಲ್ಲ. ಮೀಸೆ ಮೂಡಿದಾಗಿನಿಂದ ಅವನು ಮಾಡಿದ್ದೇ ಆ ಕೆಲಸ. ಇವತ್ತೇ ಬೇಕು ಎಂಬ ಬಟ್ಟೆಗೆ ಕೆಂಪು ಚೀಟಿ, ನಿಧಾನವಾದರೂ ಪರವಾಗಿಲ್ಲ ಎಂಬುದಕ್ಕೆ ಹಸಿರು. ಮದುಮಗನ ಕೋಟು ಕೆಂಪು, ಚಳಿಗಾಲ ಮುಗಿದ ಮೇಲೆ ಬಂದ ಕಂಬಳಿ ಹಸಿರು. ಅವನಿಗೆ ತುರ್ತಪ್ಪ ಎಂಬ ಹೆಸರು ಅಂಟಿದ್ದೇ ಎಲ್ಲ ಬಟ್ಟೆಗೂ ತುರ್ತು ತುರ್ತು ಎಂದು ಕೂಗಿ ಕೂಗಿ. ಜಗತ್ತಿನಲ್ಲಿ ಕೆಂಪಿಗೆ ಬೇರೆ ಅರ್ಥವಿರಬಹುದೆಂಬ ಅನುಮಾನ ಅವನ ಹತ್ತಿರವೂ ಸುಳಿಯಲಿಲ್ಲ. ತಮ್ಮ ಬೀದಿಯ ಬಸ್ ನಿಲ್ದಾಣಕ್ಕೆ ಕೆಂಪು ಹಚ್ಚಿದ. ಡಿಪೋಗೆ ಕೆಂಪು. ಆಸ್ಪತ್ರೆಯ ಗೇಟಿನವರೆಗಿನ ಪಾದಚಾರಿ ದಾರಿಗೆ, ಹೆಂಡತಿಯ ಕಾಲು ನೆನೆದು, ಒತ್ತೊತ್ತಾಗಿ ಕೆಂಪು. ಮೇಲ್ಸೇತುವೆ ಕಂಡಾಗ ಮನಸ್ಸು ದೊಡ್ಡದು ಮಾಡಿಕೊಂಡ. ಕಾರಿನವರೂ ಮನುಷ್ಯರೇ ತಾನೇ, ಅವರಿಗೂ ಆಗಲಿ, ಆದರೆ ನಿಧಾನವಾಗಿ ಆಗಲಿ ಎಂದು ಅದಕ್ಕೊಂದು ಹಸಿರು ಹಚ್ಚಿದ. ಕಾರು ನಿಲ್ಲಿಸುವ ಕಟ್ಟಡಕ್ಕೂ ಒಂದು.

ಒಬ್ಬನ ಚುಕ್ಕೆ ಸಾಲದು ಎನ್ನಿಸಿತು. ಅಂದು ಸಂಜೆ ಟೈಲರಮ್ಮನ ಜಗಲಿಯ ಮೇಲೆ ಬೀದಿಯನ್ನೆಲ್ಲ ಕೂರಿಸಿಕೊಂಡು ತುರ್ತಪ್ಪ ಮಾಡಿದ ಭಾಷಣ ನಿಜಕ್ಕೂ ಒಳ್ಳೆಯ ಭಾಷಣ. ಅದನ್ನು ಕೇಳಬೇಕಾದವರು ಯಾರೂ ಅಲ್ಲಿರಲಿಲ್ಲ, ಒಳ್ಳೆಯ ಭಾಷಣಗಳ ಹಣೆಬರಹವೇ ಅಷ್ಟು. ಅವನು ಹೇಳಿದ್ದು ಇಷ್ಟು. ಮೇಲ್ಸೇತುವೆಗೆ ಸುರಿದ ದುಡ್ಡು ಸಿಮೆಂಟಿನಲ್ಲಿ ಗಟ್ಟಿಯಾಗಿ ನಿಂತುಬಿಡುತ್ತದೆ, ಅದು ಮತ್ತೆ ಎದ್ದು ಓಡಾಡುವುದಿಲ್ಲ. ಬಸ್ಸಿಗೆ ಕೊಟ್ಟರೆ ಅದು ಡ್ರೈವರನ ಮನೆಗೆ ಹೋಗುತ್ತದೆ, ಅಲ್ಲಿಂದ ಕಿರಾಣಿ ಅಂಗಡಿಗೆ, ಅಲ್ಲಿಂದ ಟೈಲರಮ್ಮನ ಯಂತ್ರಕ್ಕೆ, ಅಲ್ಲಿಂದ ನಮ್ಮ ಲಾಂಡ್ರಿಗೆ. ಬಸ್ಸು ಓಡಿದರೆ ಆಯಾ ಕೆಲಸಕ್ಕೆ ಹೋಗುತ್ತಾಳೆ, ಕೂಲಿಯವನು ಕೆಲಸಕ್ಕೆ ಹೋಗುತ್ತಾನೆ. ಮಲಗಿದ ಅರ್ಥವ್ಯವಸ್ಥೆ ಏಳುವುದು ಅಂದರೆ ಇದೇ. ಹೊಗೆಯೂ ಕಡಿಮೆ, ನಮ್ಮ ಮಕ್ಕಳ ಕೆಮ್ಮೂ ಕಡಿಮೆ. ಒಂದು ಕಾರಿನಲ್ಲಿ ಒಬ್ಬ ಕೂತು ಹೋಗುವ ಜಾಗದಲ್ಲಿ ನಮ್ಮ ಅರ್ಧ ಬೀದಿ ನಿಂತು ಹೋಗುತ್ತದೆ.

ಟೈಲರಮ್ಮ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಕೇಳಿದಳು. "ಅದೆಲ್ಲ ಸರಿ ಕಣಪ್ಪ. ಕೆಂಪು ಅಂದ್ರೆ ಬೇಡ ಅಂತ ಅಲ್ವಾ?"

"ಅಮ್ಮಾ, ನಾನು ಹೊಲಿಗೆ ಬಗ್ಗೆ ಬಾಯಿ ಹಾಕ್ತೀನಾ? ಬಣ್ಣದ ಚೀಟಿ ವಿಷಯ ನಂಗೆ ಬಿಡಿ."

ಟೈಲರಮ್ಮ ಬಿಟ್ಟಳು. ಬೀದಿಯೂ ಬಿಟ್ಟಿತು. ತಿಳಿದವನೊಬ್ಬ ಇಷ್ಟು ಜೋರಾಗಿ ಹೇಳುವಾಗ ತಮಗೆ ತಿಳಿದದ್ದನ್ನು ಮರೆಯುವುದು ಸಭ್ಯರ ಲಕ್ಷಣ ಎಂದು ಎಲ್ಲರೂ ಬಗೆದರು. ಮರುದಿನದಿಂದ ಬೀದಿಯ ಜನ ಗುಂಪುಗುಂಪಾಗಿ ಅದೇ ಕೆಮ್ಮುವ ಬಸ್ಸಿನಲ್ಲಿ ಪುರಭವನಕ್ಕೆ ಹೋಗಿ ಬಸ್ಸಿಗೆ ಕೆಂಪು, ಮೇಲ್ಸೇತುವೆಗೆ ತುರ್ತಪ್ಪನಂತೆಯೇ ಒಂದೊಂದು ಹಸಿರು ಹಚ್ಚಿ ಬಂದರು. ಹೆಂಡತಿ ಆಸ್ಪತ್ರೆಯ ಆಯಾಗಳನ್ನೆಲ್ಲ ಹೊರಡಿಸಿದಳು. ಆಯಾಗಳು ಕಸಗುಡಿಸುವವರನ್ನು, ಅವರು ತಮ್ಮ ಬೀದಿಗಳನ್ನು. ಬಸ್ ಬೇಕೆಂದು ಬಯಸಿದ್ದ ಬಡಪಾಯಿ ಒಬ್ಬನೂ ಮನೆಯಲ್ಲಿ ಉಳಿಯಲಿಲ್ಲ. ಕೆಂಪು ಬಟ್ಟಲು ಬರಿದಾಗಿ ಮತ್ತೆ ಮತ್ತೆ ತುಂಬಿಸಬೇಕಾಯಿತು. ಮೊಬೈಲಿನ ಹುಡುಗಿ ತಲೆಯೆತ್ತಿ ನೋಡಿ, ಇಷ್ಟು ಕೋಪ ಯಾತಕ್ಕೆ ಎಂದು ಬೆರಗಾಗಿ, ಯೋಜನಾಧಿಕಾರಿಗಳನ್ನು ಕರೆದು ತೋರಿಸಿದಳು. ಅವರು ಜನರನ್ನೆಲ್ಲ ಹೊರಡಿಸಿದವನು ಯಾರೆಂದು ವಿಚಾರಿಸಿ, ಗೋಡೆಯ ಮುಂದೆ ತುರ್ತಪ್ಪನನ್ನು ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಅಷ್ಟು ಸಂತೋಷದಿಂದ ಯಾವ ಅಧಿಕಾರಿಯೂ ಅವನ ಕೈ ಕುಲುಕಿರಲಿಲ್ಲ. ಆ ಕೈಯನ್ನು ಅವನು ಭಾಮೈದನ ಮೂಗಿನ ಮುಂದೆ ಎರಡು ಬಾರಿ ಆಡಿಸಿದ.

ಫೋಟೋ ಪತ್ರಿಕೆಯಲ್ಲಿ ಬಂತು. ಮೇಲೆ ದಪ್ಪಕ್ಷರದಲ್ಲಿ 'ಬಸ್ಸುಗಳಿಗೆ ಜನರ ತೀವ್ರ ವಿರೋಧ. ಮೇಲ್ಸೇತುವೆಗೆ ಒಕ್ಕೊರಲ ಬೆಂಬಲ' ಎಂದಿತ್ತು. ಕೆಳಗೆ, ವಿರೋಧದ ಮುಂದಾಳು ಎಂದು ತುರ್ತಪ್ಪ ಹಲ್ಲು ಕಿರಿದುಕೊಂಡು ನಿಂತಿದ್ದ.

ಅವನು ಮೊದಲು ಅಚ್ಚಿನ ತಪ್ಪೆಂದ. ಆಮೇಲೆ ಬೇರೆ ಊರಿನ ಸುದ್ದಿಗೆ ನನ್ನ ಫೋಟೋ ಹಾಕಿದ್ದಾರೆ ಎಂದ. ಟೈಲರಮ್ಮ ಪತ್ರಿಕೆ ಮಡಚಿ ಅವನ ಮಡಿಲಿಗಿಟ್ಟು ಯಂತ್ರ ತುಳಿಯತೊಡಗಿದಳು. ಆ ಯಂತ್ರದ ಸದ್ದು ಬೈಗುಳಕ್ಕಿಂತ ಖಾರವಾಗಿತ್ತು.

ತುರ್ತಪ್ಪ ಓಡಿದ. ಯೋಜನಾಧಿಕಾರಿಗಳು ಅವನನ್ನು ಕಂಡು ಎದ್ದು ನಿಂತು ಚಹಾ ತರಿಸಿದರು. ಅವನು ಕೆಂಪು ಚೀಟಿ, ಹಸಿರು ಚೀಟಿ, ಮದುಮಗನ ಕೋಟು, ಕಂಬಳಿ ಎಲ್ಲವನ್ನೂ ಬೆವರು ಒರೆಸಿಕೊಳ್ಳುತ್ತ ಬಿಡಿಸಿ ಹೇಳಿದ. ನಮಗೆಲ್ಲ ಬಸ್ಸೇ ಬೇಕಿತ್ತು ಸಾರ್, ತಪ್ಪು ನನ್ನದು, ಇನ್ನೊಂದು ಸಲ ಗೋಡೆ ತೆರೆಯಿರಿ, ಎಲ್ಲರೂ ಬಂದು ಹಸಿರು ಹಚ್ಚುತ್ತೇವೆ ಎಂದು ಬೇಡಿಕೊಂಡ. ಜನರ ಆಶಯವನ್ನು ಒಮ್ಮೆ ಪಡೆದ ಮೇಲೆ ಜನರಿಗೆ ಹಿಂತಿರುಗಿಸುವ ವ್ಯವಸ್ಥೆ ಇಲ್ಲ ಎಂದರು ಅಧಿಕಾರಿ. ತುರ್ತಪ್ಪನ ಕಣ್ಣಲ್ಲಿ ನೀರು ಬಂತು. ಅಧಿಕಾರಿ ಕೆಟ್ಟವರಲ್ಲ, ಅಳುವವರನ್ನು ನೋಡಿದರೆ ಅವರಿಗೆ ಕೆಲಸ ಸಾಗುತ್ತಿರಲಿಲ್ಲ. ಎದ್ದು ಮೂಲೆಯಲ್ಲಿದ್ದ ಒಂದು ಗಾಜಿನ ಪೆಟ್ಟಿಗೆಯ ಹತ್ತಿರ ಕರೆದೊಯ್ದರು. ಒಳಗೆ ಮೇಲ್ಸೇತುವೆಯ ಪುಟ್ಟ ಮಾದರಿ ಇತ್ತು. ಅದರ ಮೇಲೆ ಧೂಳು ಎಷ್ಟು ದಪ್ಪ ಕೂತಿತ್ತೆಂದರೆ, ಆಟಿಕೆ ಕಾರುಗಳು ಹಿಮದಲ್ಲಿ ಸಿಕ್ಕಿಕೊಂಡಂತೆ ಕಾಣುತ್ತಿದ್ದವು.

"ನೋಡಿ, ಇದು ಅರ್ಥವ್ಯವಸ್ಥೆ ಬೀಳೋಕೆ ಮುಂಚೆನೇ ಆಗಿದ್ದು. ಗುತ್ತಿಗೆನೂ ಆಗಲೇ ಆಗಿತ್ತು. ನೀವು ಗೋಡೆ ತುಂಬ ಹಸಿರು ಹಚ್ಚಿದ್ರೂ ಕಟ್ತಿದ್ದಿದ್ದು ಇದನ್ನೇ. ಬಸ್ಸು ಬೇಕು ಅಂದವರಿಗೆ ಯಾಕೆ ಬೇಡ ಅಂತ ಒಂದು ವರದಿ ಬರೀಬೇಕಾಗ್ತಿತ್ತು, ಅಷ್ಟೇ. ನಿಮ್ಮಿಂದ ಆ ಕೆಲಸ ಉಳೀತು. ನಿಮ್ಮ ತಪ್ಪೇನೂ ಇಲ್ಲ, ಆರಾಮಾಗಿ ಮನೆಗೆ ಹೋಗಿ."

ತುರ್ತಪ್ಪ ಕೆನ್ನೆ ಒರೆಸಿಕೊಂಡು, ಈ ಮಾತನ್ನು ಒಂದು ಸಲ ನಮ್ಮ ಬೀದಿಗೆ ಬಂದು ಹೇಳ್ತೀರಾ ಸಾರ್ ಎಂದು ಕೇಳಿದ. ಅಧಿಕಾರಿ ಬಹಳ ಹೊತ್ತು ನಕ್ಕರು.

ಅವನೇ ಬೀದಿಗೆ ಬಂದು ಹೇಳಿದ. ತಪ್ಪು ನನ್ನದಲ್ಲ, ನಾವೆಲ್ಲ ಚುಕ್ಕೆ ಹಚ್ಚುವ ಮೊದಲೇ ಎಲ್ಲ ತೀರ್ಮಾನವಾಗಿತ್ತು, ಧೂಳನ್ನು ನನ್ನ ಕಣ್ಣಾರೆ ಕಂಡೆ ಎಂದ. ಒಬ್ಬರೂ ನಂಬಲಿಲ್ಲ. ನಂಬಿದರೆ ಅವರು ಸಿಟ್ಟನ್ನು ಹೊತ್ತುಕೊಂಡು ರಾಜಧಾನಿಯವರೆಗೆ ಹೋಗಬೇಕಿತ್ತು, ಅಷ್ಟು ದೂರ ಅವರ ಬಸ್ಸು ಹೋಗುತ್ತಿರಲಿಲ್ಲ. ಮಂತ್ರಿ ಕೈಗೆ ಸಿಗುವವನಲ್ಲ, ಗುತ್ತಿಗೆದಾರ ಕಣ್ಣಿಗೂ ಬೀಳುವವನಲ್ಲ. ತುರ್ತಪ್ಪನಾದರೆ ದಿನಾ ಬೆಳಿಗ್ಗೆ ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲುತ್ತಾನೆ. ಅವನ ಕೊಡ ಸಾಲಿನಲ್ಲಿ ಹಿಂದೆ ಹಿಂದೆ ಸರಿಯತೊಡಗಿತು. ಹೀಗೆ ಒಂದು ಸರ್ಕಾರ ಮಾಡಿದ ಕೆಲಸಕ್ಕೆ ಒಬ್ಬ ಚೀಟಿ ಕಟ್ಟುವವನು ಜವಾಬ್ದಾರನಾದ. ಇದನ್ನೇ ದೊಡ್ಡವರು ಜನರ ಸಹಭಾಗಿತ್ವ ಎನ್ನುತ್ತಾರೆ.

ಬಸ್ಸು ಒಂದು ದಿನ ಏರಿನಲ್ಲಿ ನಿಂತಿತು, ಮತ್ತೆ ಏಳಲಿಲ್ಲ. ನಿಲ್ದಾಣದ ಕಂಬವನ್ನು ಕಿತ್ತು ಲಾರಿಗೆ ಹಾಕಿಕೊಂಡು ಹೋದರು. ಹೆಂಡತಿ ಕತ್ತಲಲ್ಲೇ ಎದ್ದು ನಡೆದು ಹೋಗತೊಡಗಿದಳು. ಕಾಲುದಾರಿಯಿಲ್ಲದ ರಸ್ತೆಯ ಅಂಚಿನಲ್ಲಿ, ಕಾರುಗಳ ದೀಪ ಕಣ್ಣಿಗೆ ಬಿದ್ದಾಗಲೆಲ್ಲ ಚರಂಡಿಗೆ ಇಳಿದು ಹತ್ತಿ ಹೋಗುವಳು. ತಡವಾಗಿ ಬಂದವಳೆಂದು ಮೇಟ್ರನ್ ಗದರುವಳು. ಇನ್ನೂ ತಡವಾದರೆ ಕೆಲಸಕ್ಕೆ ಬರುವುದೇ ಬೇಡ ಎಂದೂ ಹೇಳಿಯಾಗಿತ್ತು. ಭಾಮೈದ ಮಾತ್ರ ಹಿಗ್ಗಿದ್ದ. ಉತ್ತೇಜನ ನಿಧಿಯಲ್ಲಿ ಕಾರು ಕೊಳ್ಳುವವರಿಗೆ ತೆರಿಗೆ ರಿಯಾಯಿತಿ ಬಂದಿತ್ತು. ಅಕ್ಕನಿಗಾಗಿ ಒಂದು ಒಳ್ಳೆ ಗಾಡಿ ತೆಗೆದಿಟ್ಟಿದೀನಿ, ಬಾಗಿಲೊಂದು ಮುಚ್ಚಲ್ಲ, ಬೇರೇನೂ ತೊಂದರೆಯಿಲ್ಲ ಎಂದು ಬಂದಾಗಲೆಲ್ಲ ಹೇಳುವನು.

ಇದರ ನಡುವೆ, ಮೇಲ್ಸೇತುವೆಯ ಶಂಕುಸ್ಥಾಪನೆಯಲ್ಲಿ ತುರ್ತಪ್ಪನಿಗೆ 'ಮಾದರಿ ನಾಗರಿಕ' ಎಂಬ ಫಲಕ ಕೊಡುತ್ತೇವೆಂದು ಕರೆ ಬಂತು. ಹೋಗುವುದಿಲ್ಲ ಎಂದ ತುರ್ತಪ್ಪ. ಹೋಗಿ ಎಂದಳು ಹೆಂಡತಿ. ಮೈಕು ಕೊಡುತ್ತಾರಲ್ಲ, ಅದರಲ್ಲಿ ನಿಜ ಹೇಳಿ, ನಾಲ್ಕು ಜನರ ಮುಂದೆ ಹೇಳಿದರೆ ಮಂತ್ರಿಗೂ ನಾಚಿಕೆಯಾದೀತು ಎಂದು ಅವಳ ಲೆಕ್ಕ. ಅವಳಿಗೆ ಮಂತ್ರಿಗಳ ಪರಿಚಯವಿರಲಿಲ್ಲ.

ಅವನನ್ನು ಕರೆದೊಯ್ಯಲು ಬೆಳಿಗ್ಗೆಯೇ ಸರ್ಕಾರಿ ಕಾರು ಬಂತು. ದಾರಿಯಲ್ಲೇ ಆಸ್ಪತ್ರೆ, ಇಳಿಸಿಬಿಟ್ಟರೆ ಒಂದು ದಿನವಾದರೂ ಹೊತ್ತಿಗೆ ಸರಿಯಾಗಿ ಹೋಗುತ್ತೇನೆಂದು ಹೆಂಡತಿ ಆಯಾ ಉಡುಪಿನಲ್ಲೇ ಪಕ್ಕದಲ್ಲಿ ಕೂತಳು. ಬೀದಿಯೆಲ್ಲ ಬಾಗಿಲಿಗೆ ಬಂದು ನಿಂತು ನೋಡಿತು. ಬಸ್ಸು ಮಾರಿ ಕಾರು ಹತ್ತಿದ ಎಂದು ಯಾರೋ ಕೇಳಿಸುವಂತೆಯೇ ಅಂದರು. ಆಸ್ಪತ್ರೆಯ ಗೇಟು ಬಂತು, ಹೋಯಿತು, ಕಾರು ನಿಲ್ಲಲಿಲ್ಲ. ಮನೆಯಿಂದ ವೇದಿಕೆಗೆ ಅಂತ ಆದೇಶ ಇದೆ, ನಡುವೆ ಎಲ್ಲೂ ನಿಲ್ಲಿಸಂಗಿಲ್ಲ ಎಂದ ಡ್ರೈವರ್. ಅವಳು ಗಾಜಿಗೆ ಅಂಗೈ ಒತ್ತಿ ತಾನು ಇಳಿಯಬೇಕಾಗಿದ್ದ ಜಾಗ ಹಿಂದೆ ಸರಿಯುವುದನ್ನು ನೋಡಿದಳು. ಬಸ್ಸಾಗಿದ್ದರೆ ಗಂಟೆ ಬಾರಿಸಬಹುದಿತ್ತು.

ವೇದಿಕೆಯ ಮೇಲೆ ಫಲಕ ಕೈಗೆ ಬಂದೊಡನೆ ತುರ್ತಪ್ಪ ಮೈಕು ಹಿಡಿದ. "ನಮಗೆ ಬೇಕಾಗಿದ್ದು ಬಸ್ಸು. ನಡೆಯೋಕೊಂದು ದಾರಿ. ನಾನು ಬಣ್ಣ ತಪ್ಪು ಹಚ್ಚಿಸಿದೆ. ಈ ಸೇತುವೆ ನಾವ್ಯಾರೂ ಕೇಳಿದ್ದಲ್ಲ" ಎಂದ.

ಮಂತ್ರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಂತ್ರಿಗಳೇ ನಕ್ಕ ಮೇಲೆ ಅದು ತಮಾಷೆಯೇ ಇರಬೇಕೆಂದು ಅಧಿಕಾರಿಗಳೂ ನಕ್ಕರು. ಅಧಿಕಾರಿಗಳನ್ನು ನೋಡಿ ಗುತ್ತಿಗೆದಾರರು, ಅವರನ್ನು ನೋಡಿ ಕುರ್ಚಿ ತುಂಬಲು ಕರೆತಂದಿದ್ದ ಜನ. ಎಂಥ ಸರಳ, ಎಂಥ ಹಾಸ್ಯಪ್ರಜ್ಞೆ ಎಂದು ನಿರೂಪಕ ಕೊಂಡಾಡಿ ಮೈಕನ್ನು ಮೆಲ್ಲಗೆ ಕಿತ್ತುಕೊಂಡ.

ಕೆಳಗೆ ಹೆಂಡತಿ ಎದ್ದು ನಿಂತಳು. ಅವಳ ಹತ್ತಿರ ಮೈಕು ಇರಲಿಲ್ಲ, ಹೊರರೋಗಿಗಳನ್ನು ಹೆಸರು ಹಿಡಿದು ಕರೆದು ಪಳಗಿದ ಗಂಟಲಿತ್ತು.

"ಅವರು ತಮಾಷೆ ಮಾಡ್ಲಿಲ್ಲ. ನಾಳೆ ಬೆಳಿಗ್ಗೆ ನಂಗೆ ಡ್ಯೂಟಿ ಇದೆ. ಯಾತರಲ್ಲಿ ಹೋಗ್ಲಿ ಹೇಳಿ."

ಈಗ ಯಾರೂ ನಗಲಿಲ್ಲ. ಎಲ್ಲರೂ ಮಂತ್ರಿಗಳ ಮುಖ ನೋಡಿದರು. ಮಂತ್ರಿಗಳ ಮುಖದಲ್ಲಿ ಕರುಣೆ ಎಷ್ಟು ಬೇಗ ಉಕ್ಕಿತೆಂದರೆ ಫೋಟೋದವರು ಎರಡನೆಯ ಸಲ ಕೇಳಿಕೊಳ್ಳಬೇಕಾಗಲಿಲ್ಲ. ಈ ತಾಯಿ ಇನ್ನು ನಡೆಯಬಾರದು ಎಂದು ಅವರು ಘೋಷಿಸಿದರು. ಆಪ್ತಸಹಾಯಕ ಏನನ್ನೋ ತಂದುಕೊಟ್ಟ. ಅದು, ಹೊಸ ಕಾರು ಕೊಂಡರೆ ತೆರಿಗೆಯಲ್ಲಿ ರಿಯಾಯಿತಿ ಕೊಡುವ ಕೂಪನ್ನು. ಮಂತ್ರಿಗಳು ಕೆಳಗಿಳಿದು ಬಂದು ಸ್ವಹಸ್ತದಿಂದ ಅದನ್ನು ಅವಳ ಕೈಗಿತ್ತರು. ಚಪ್ಪಾಳೆ ಮುಗಿಲು ಮುಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು, ಗಿರಾಕಿ ಹುಡುಕಿಕೊಂಡು ಅಲ್ಲಿಗೂ ಬಂದಿದ್ದ ಭಾಮೈದ.

ಸಭೆ ಮುಗಿದಾಗ ಕಾರಿರಲಿಲ್ಲ. ಕರೆತರಲು ಆದೇಶವಿತ್ತು, ಬಿಟ್ಟುಬರಲು ಇರಲಿಲ್ಲ. ಇಬ್ಬರೂ ಬಿಸಿಲಿನಲ್ಲಿ ಆಸ್ಪತ್ರೆಯ ಕಡೆಗೆ ನಡೆದರು. ದಾರಿಯುದ್ದಕ್ಕೂ ತುರ್ತಪ್ಪ ಏನೇನೋ ಹೇಳಲು ಬಾಯಿ ತೆರೆದ, ಲಾರಿಗಳ ಸದ್ದಿಗೆ ಮುಚ್ಚಿದ. ಗೇಟಿನಲ್ಲಿ ಮೇಟ್ರನ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹೊತ್ತಿಗೆ ಬರಲಾಗದವರು ಇಲ್ಲೇ ಇರಬೇಕು, ಹಾಸಿಗೆ ಬಟ್ಟೆಗಳ ಕೋಣೆಯಲ್ಲಿ ಮಲಗಲು ಜಾಗವಿದೆ. ಇಲ್ಲದಿದ್ದರೆ ಕೆಲಸ ಬಿಡಬೇಕು ಎಂದಳು. ಹೆಂಡತಿ ಗಂಡನ ಮುಖ ನೋಡಿ, ನಾಳೆ ನನ್ನ ಬಟ್ಟೆ ತಂದುಕೊಡಿ ಎಂದು ಒಳಗೆ ಹೋದಳು.

ಅರ್ಥವ್ಯವಸ್ಥೆ ಎದ್ದಿತು ಎಂದು ಪತ್ರಿಕೆಗಳು ಬರೆದವು. ಎದ್ದಿರಬಹುದು, ಅದು ತುರ್ತಪ್ಪನ ಬೀದಿಯ ಕಡೆ ಬಂದದ್ದನ್ನು ಯಾರೂ ಕಾಣಲಿಲ್ಲ. ಅವನು ರಜೆ ಸಿಕ್ಕಾಗಲೆಲ್ಲ ಹೆಂಡತಿಯನ್ನು ನೋಡಲು ಮೇಲ್ಸೇತುವೆಯ ಕಂಬಗಳಿಗೆಂದು ತೋಡಿದ ಗುಂಡಿಗಳ ಸುತ್ತ ಬಳಸಿ ನಡೆದುಹೋಗುವನು. ಆದರೆ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಲು ಸಮಯವಿತ್ತು, ಆಯಾಗಳನ್ನು ನೋಡಲು ಇರಲಿಲ್ಲ. ಕಾವಲುಗಾರ ಬಟ್ಟೆಯ ಗಂಟು ಇಸಿದುಕೊಂಡು ವಾಪಸು ಕಳಿಸುವನು. ಹಲವು ಸಲ ಹೀಗಾದ ಮೇಲೆ ತುರ್ತಪ್ಪ ಉಪಾಯ ಕಂಡುಕೊಂಡ. ಹೊರರೋಗಿಗಳ ಸಾಲಿನಲ್ಲಿ ನಿಂತ. ಕಾಯಿಲೆಗಾಗಿ ಸುಳ್ಳು ಹೇಳಬೇಕಾಗಲಿಲ್ಲ. ನಡೆದು ನಡೆದು ಮಂಡಿ ನಿಜವಾಗಿಯೇ ಊದಿಕೊಂಡಿತ್ತು.

ಸಾಲು ಕರಗಿ ಅವನ ಸರದಿ ಬಂತು. ಡಾಕ್ಟರ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವನನ್ನು ಕಂಡು ಅವಳು ಕೈಯಲ್ಲಿದ್ದ ಚೀಟಿಗಳನ್ನು ಮತ್ತೊಮ್ಮೆ ಜೋಡಿಸಿಕೊಂಡಳು. ಸೊರಗಿದ್ದಾಳೆ ಎಂದುಕೊಂಡ ಅವನು. ಕೂದಲು ನೆರೆತಿದೆ ಎಂದುಕೊಂಡಳೋ ಏನೋ ಅವಳು. ಡಾಕ್ಟರ ಎದುರು ಇಬ್ಬರೂ ಅಪರಿಚಿತರಂತೆ ನಿಂತರು. ಡಾಕ್ಟರು ಮಂಡಿಯನ್ನು ಅದುಮಿ ನೋಡಿ, ಇಷ್ಟೊಂದು ಯಾಕ್ರೀ ನಡೀತೀರಾ ಎಂದರು. ಹೆಂಡತಿಯನ್ನು ನೋಡಲು ಎಂದ ತುರ್ತಪ್ಪ. ಡಾಕ್ಟರು ಬರೆಯುತ್ತಲೇ, ತಲೆಯೆತ್ತದೆ, ಮಾತ್ರೆಗಿಂತ ಮುಖ್ಯವಾದದ್ದು ಹೇಳುತ್ತೇನೆ ಕೇಳಿ ಎಂದರು.

"ಇನ್ಮೇಲೆ ನಡೀಬೇಡಿ. ಬಸ್ಸಲ್ಲಿ ಓಡಾಡಿ."

ತುರ್ತಪ್ಪ ಬಾಗಿಲ ಕಡೆ ನೋಡಿದ. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವಳ ತುಟಿ ಏನನ್ನೋ ಹೇಳಲು ಬಿಚ್ಚಿಕೊಂಡಿತು. ಹಿಂದಿನಿಂದ ಸಾಲು ನೂಕುತ್ತಿತ್ತು. ಅವಳು ಗಂಟಲು ಸರಿಮಾಡಿಕೊಂಡು, ಅವನ ತಲೆಯ ಮೇಲಿಂದ ಆಚೆ ನೋಡಿ, ಜೋರಾಗಿ ಕೂಗಿದಳು.

"ಮುಂದಿನವರು ಬನ್ನಿ."